ಕಡತದಲ್ಲಿ ಉಳಿಯದ ಮುಖಗಳು

ಮೂರು ದಶಕಗಳಿಗೂ ಮಿಕ್ಕಿ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಒಂದು ಸಂಗತಿ ಮನವರಿಕೆಯಾಗಿದೆ. ಕಡತದಲ್ಲಿ ನಿರ್ಧಾರ ಉಳಿಯುತ್ತದೆ. ನಿರ್ಧರಿಸಿದವರ ಮುಖಭಾವ ಉಳಿಯುವುದಿಲ್ಲ. ಈ ಕೊರತೆಯನ್ನು ತುಂಬುವವರು ಪತ್ರಿಕಾ ಛಾಯಾಗ್ರಾಹಕರು. ಭಾರತದ ಪ್ರಥಮ ಪತ್ರಿಕಾ ಛಾಯಾಗ್ರಾಹಕಿ ಎನಿಸಿದ ಹೋಮಾಯಿ ವ್ಯಾರಾವಾಲಾ (1913-2012) ಅವರ ವೃತ್ತಿಜೀವನವೇ ಇದಕ್ಕೆ ನಿದರ್ಶನ.

ಗುಜರಾತಿನ ನವಸಾರಿಯಲ್ಲಿ ಜನಿಸಿದ ಅವರು 1942ರಲ್ಲಿ ದೆಹಲಿಯ ಬ್ರಿಟಿಷ್ ಮಾಹಿತಿ ಸೇವೆಯನ್ನು ಸೇರಿದರು. 1947ರ ಜೂನ್‌ನಲ್ಲಿ ಕಾಂಗ್ರೆಸ್ ನಾಯಕರು ದೇಶವಿಭಜನೆಗೆ ಕೈಯೆತ್ತಿ ಸಮ್ಮತಿಸಿದ ಗಳಿಗೆಯನ್ನೂ 1948ರಲ್ಲಿ ಗಾಂಧೀಜಿಯವರ ಅಂತ್ಯಸಂಸ್ಕಾರವನ್ನೂ ಸೆರೆಹಿಡಿದರು. ಬಾಯಲ್ಲಿ ಸಿಗರೇಟು ಕಚ್ಚಿ, ಬ್ರಿಟಿಷ್ ರಾಜತಾಂತ್ರಿಕರೊಬ್ಬರ ಪತ್ನಿಯ ಸಿಗರೇಟನ್ನು ಹೊತ್ತಿಸುತ್ತಿರುವ ನೆಹರೂ ಅವರ ಚಿತ್ರವೂ ಅವರದೇ. ಪ್ರಧಾನಿಯ ಸನಿಹಕ್ಕೆ ಕ್ಯಾಮೆರಾ ಹೋಗಬಹುದಾಗಿದ್ದ ಕಾಲವದು.

ಹೊಸ ಪೀಳಿಗೆಯ ಛಾಯಾಗ್ರಾಹಕರ ಅಶಿಸ್ತಿನಿಂದ ಬೇಸತ್ತು ಅವರು 1970ರಲ್ಲಿ ವೃತ್ತಿಯನ್ನೇ ತ್ಯಜಿಸಿದರು. ಪದ್ಮವಿಭೂಷಣ ಬಂದದ್ದು 2011ರಲ್ಲಿ.

ಇಂದು ನಾಯಕರ ಕಚೇರಿಗಳೇ ಚಿತ್ರ ತೆಗೆಸಿ, ಆಯ್ದು, ಮಾಧ್ಯಮಗಳಿಗೆ ಹಂಚುತ್ತವೆ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಸರಕಿನ ಉತ್ಪಾದಕನೇ ಅದರ ಗುಣಪರೀಕ್ಷಕನೂ ಆದಂತೆ. ಭದ್ರತೆಯ ಅಗತ್ಯವನ್ನು ನಾನು ಅಲ್ಲಗಳೆಯಲಾರೆ. ಛಾಯಾಗ್ರಾಹಕರೂ ವ್ಯಾರಾವಾಲಾ ಬಯಸಿದ ಸಂಯಮವನ್ನು ರೂಢಿಸಿಕೊಳ್ಳಬೇಕು. ಆದರೆ ಅಧಿಕಾರದ ಸಮೀಪದಲ್ಲಿ ಸ್ವತಂತ್ರ ಕ್ಯಾಮೆರಾಗಳಿಗೆ ಒಂದಿಷ್ಟು ಜಾಗ ಉಳಿಸದಿದ್ದರೆ, ನಾಳಿನ ಇತಿಹಾಸಕಾರರಿಗೆ ದಕ್ಕುವುದು ನಾಯಕರು ತೋರಬಯಸಿದ ಮುಖ ಮಾತ್ರ. ಪ್ರಜೆಗಳು ನೋಡಬೇಕಾದ ಮುಖ ಕಡತದಲ್ಲೂ ಇರದು, ಚಿತ್ರದಲ್ಲೂ ಇರದು.