ನಿಮಗಿದು ಗೊತ್ತೆ? ಆಳುಗಳ ಸುರಂಗ, ಎಂಟು ಲಕ್ಷ ವರ್ಷದಾಚೆಗೆ

1895ರಲ್ಲಿ ಪ್ರಕಟವಾದ ಎಚ್.ಜಿ. ವೆಲ್ಸ್ ಅವರ ‘ದಿ ಟೈಮ್ ಮಷೀನ್’ ಕಾದಂಬರಿಯ ನಾಯಕ ಕಾಲಯಂತ್ರವೇರಿ ಹೋಗಿ ಇಳಿಯುವುದು ಕ್ರಿ.ಶ. 8,02,701ರಲ್ಲಿ. ಅಷ್ಟು ಹೊತ್ತಿಗೆ ಮನುಷ್ಯಕುಲ ಎರಡಾಗಿ ಒಡೆದಿದೆ. ನೆಲದ ಮೇಲೆ ಹಣ್ಣು ತಿಂದು ಆಡಿಕೊಂಡಿರುವ, ಯಾವ ಕೆಲಸಕ್ಕೂ ಬಾರದ ಎಲೋಯಿಗಳು. ನೆಲದಡಿಯ ಕತ್ತಲಲ್ಲಿ ಯಂತ್ರ ನಡೆಸುವ ಮಾರ್ಲಾಕ್‌ಗಳು. ಮೇಲಿನವರ ಮಾಂಸವೇ ಕೆಳಗಿನವರ ಊಟ!

ಈ ಲೋಕಕ್ಕೆ ಬೇಕಾದ ಸರಕೆಲ್ಲ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲೇ ಇತ್ತು. ವೆಲ್ಸ್ ಅವರ ತಾಯಿ ಸಸೆಕ್ಸ್‌ನ ಅಪ್‌ಪಾರ್ಕ್ ಎಂಬ ಸಿರಿವಂತರ ಬಂಗಲೆಯಲ್ಲಿ ಮನೆವಾರ್ತೆ ನೋಡಿಕೊಳ್ಳುತ್ತಿದ್ದರು. ಹುಡುಗ ವೆಲ್ಸ್ ಅಲ್ಲಿ ಆಗಾಗ ಉಳಿದದ್ದುಂಟು. ಅಡುಗೆಮನೆ, ಕುದುರೆಲಾಯಗಳಿಂದ ಬಂಗಲೆಗೆ ಆಳುಗಳು ಓಡಾಡಲು ನೆಲದಡಿ ಸುರಂಗಗಳಿದ್ದವು. ದೊಡ್ಡವರ ಕಣ್ಣಿಗೆ ಅವರು ಬೀಳಬಾರದಲ್ಲ!

ಲಂಡನ್ನಿನ ನೆಲದಡಿಯಲ್ಲೋ 1863ರಿಂದಲೇ ರೈಲು ಓಡುತ್ತಿತ್ತು. ಆ ರೈಲನ್ನೂ ನೆಲಮಾಳಿಗೆಯ ಕೆಲಸದ ಕೋಣೆಗಳನ್ನೂ ಮುಂದಿಟ್ಟೇ ಕಾದಂಬರಿಯ ನಾಯಕ ಮಾರ್ಲಾಕ್‌ಗಳ ಹುಟ್ಟನ್ನು ಊಹಿಸುತ್ತಾನೆ. ಕಾಲಯಂತ್ರದ ವರ್ಣನೆಯೋ ಬಲು ತೆಳು. ಕಾದಂಬರಿಯ ಕಸುವಿರುವುದು ಈ ಊಹೆಯಲ್ಲೇ. ಒಂದು ಜೀವಿಪ್ರಭೇದ ಎರಡಾಗಿ ಕವಲೊಡೆಯಬಹುದೆನ್ನುವ ವಿಕಾಸವಾದವನ್ನು ವೆಲ್ಸ್ ಕಲಿತದ್ದು ಡಾರ್ವಿನ್ನರ ಕಟ್ಟಾ ಬೆಂಬಲಿಗ ಟಿ.ಎಚ್. ಹಕ್ಸ್‌ಲಿ ಅವರ ತರಗತಿಯಲ್ಲಿ.