ಸಂಚಾರಿ ಮನೆಯ ತಿರುಪುಮೊಳೆ

ಅಮೆರಿಕ ಮತ್ತು ಯೂರೋಪುಗಳ ಹೆದ್ದಾರಿಗಳಲ್ಲಿ ಮೋಟಾರುಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆಗಳನ್ನು ಕಾಣಬಹುದು. ಇವಕ್ಕೆ ಕ್ಯಾಂಪರ್ ಎಂದು ಹೆಸರು. ಮಲಗುವ ಮಂಚ, ಅಡುಗೆಯ ಒಲೆ, ನೀರಿನ ತೊಟ್ಟಿ ಎಲ್ಲವೂ ಇವುಗಳಲ್ಲಿರುತ್ತವೆ. ಹಳೆಯ ಮಾದರಿಯ ಅನೇಕ ಕ್ಯಾಂಪರುಗಳ ಗೋಡೆಯೆಂದರೆ ಮರದ ಚೌಕಟ್ಟು ಮತ್ತು ಅದರ ಮೇಲೆ ಹೊದಿಸಿದ ತೆಳುವಾದ ಅಲ್ಯೂಮಿನಿಯಮ್ ತಗಡು. ಇವೆರಡನ್ನೂ ಹಿಡಿದಿಡುವಲ್ಲಿ ಉಕ್ಕಿನ ತಿರುಪುಮೊಳೆಗಳ, ಅಂದರೆ ಸ್ಕ್ರೂಗಳ, ಪಾತ್ರ ದೊಡ್ಡದು. ಕೆಲವು ವರ್ಷ ಸಂಚರಿಸಿದ ಬಳಿಕ ಇವುಗಳಲ್ಲಿ ಕೆಲವು ಸಡಿಲಗೊಂಡು ಹೊರಗೆ ಇಣುಕುತ್ತವೆ. ಕೆಲವು ತುಕ್ಕು ಹಿಡಿದು, ಎಷ್ಟು ತಿರುಗಿಸಿದರೂ ಕದಲುವುದಿಲ್ಲ. ಸಡಿಲವಾದುದನ್ನು ಬಿಗಿದು, ತುಕ್ಕು ಹಿಡಿದುದನ್ನು ಕಿತ್ತು ಹೊಸದನ್ನು ಹಾಕಿದರೆ ಕೆಲಸ ಮುಗಿಯಿತೆಂದು ನಮಗೆ ತೋರಬಹುದು. ಆದರೆ ಜ್ವರವು ದೇಹದೊಳಗಿನ ರೋಗಕ್ಕೆ ಚಿಹ್ನೆಯಾಗಿರುವಂತೆ, ಕೆಟ್ಟ ತಿರುಪುಮೊಳೆಯು ಗೋಡೆಯೊಳಗಿನ ಕೇಡಿಗೆ ಚಿಹ್ನೆಯಾಗಿರುತ್ತದೆ. ಆ ಕೇಡನ್ನು ಅರಿಯದೆ ಮಾಡಿದ ದುರಸ್ತಿ ಬಹುಕಾಲ ನಿಲ್ಲದು.

ತಿರುಪುಮೊಳೆಯು ಹಿಡಿದು ನಿಲ್ಲುವುದು ಹೇಗೆ? ಬೆಟ್ಟವನ್ನು ಸುತ್ತಿಕೊಂಡು ಏರುವ ದಾರಿಯಂತೆ, ಒಂದು ಸರಳನ್ನು ಸುತ್ತಿಕೊಂಡಿರುವ ಇಳಿಜಾರೇ ತಿರುಪು. ಇಳಿಜಾರಿನಲ್ಲಿಟ್ಟ ವಸ್ತುವು ಜಾರದಂತೆ ತಡೆಯುವ ಘರ್ಷಣೆಯೇ ತಿರುಪು ಹಿಂದಕ್ಕೆ ತಿರುಗದಂತೆಯೂ ತಡೆಯುತ್ತದೆ. ಗೆರ್ಹಾರ್ಡ್ ಯುಂಕರ್ ಎಂಬ ಇಂಜಿನಿಯರು ಬೋಲ್ಟುಗಳನ್ನು ಪರೀಕ್ಷಿಸಿ, ಅಕ್ಷಕ್ಕೆ ಅಡ್ಡವಾಗಿ ಬರುವ ಅಲುಗಾಟವೇ ಅವನ್ನು ಬಹು ಬೇಗ ಸಡಿಲಿಸುವುದೆಂದು 1969ರಲ್ಲಿ ತೋರಿಸಿದನು. ಬಿಗಿದ ಭಾಗಗಳು ಅತ್ತಿತ್ತ ಜಾರುವಾಗ ಘರ್ಷಣೆಯೆಲ್ಲ ಆ ಜಾರುವಿಕೆಯನ್ನು ತಡೆಯುವುದರಲ್ಲೇ ತೊಡಗಿ, ತಿರುಪನ್ನು ಹಿಡಿಯಲು ಉಳಿಯುವುದಿಲ್ಲ. ಮರದಲ್ಲಿ ಕೂತ ಮೊಳೆಗೆ ಇನ್ನೊಂದು ಆಪತ್ತೂ ಉಂಟು. ಗಾಡಿ ಕುಲುಕಿದಾಗಲೆಲ್ಲ ಅದು ಸುತ್ತಲಿನ ಮರದ ನಾರನ್ನು ಜಜ್ಜಿ ತನ್ನ ರಂಧ್ರವನ್ನು ತಾನೇ ಹಿರಿದು ಮಾಡಿಕೊಳ್ಳುತ್ತದೆ.

ಗಾಡಿ ನಿಂತಿದ್ದರೂ ಈ ಅಲುಗಾಟ ನಿಲ್ಲುವುದಿಲ್ಲ. 6 ಮೀಟರ್ ಉದ್ದದ ಅಲ್ಯೂಮಿನಿಯಮ್ ತಗಡು ಬಿಸಿಲಿನಿಂದ 40 ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚು ಕಾದರೆ ಸುಮಾರು 5.5 ಮಿಲಿಮೀಟರ್ ಹಿಗ್ಗಲು ಯತ್ನಿಸುತ್ತದೆ. ಅದೇ ಉದ್ದದ ಮರವು ಅಷ್ಟೇ ಕಾದರೂ ನಾರಿನ ದಿಕ್ಕಿನಲ್ಲಿ ಹಿಗ್ಗುವುದು ಸುಮಾರು 1 ಮಿಲಿಮೀಟರ್ ಮಾತ್ರ. ಈ ಎರಡರ ಎಳೆದಾಟವನ್ನು ಹಗಲಿರುಳೂ ತಾಳಬೇಕಾದುದು ನಡುವಣ ಮೊಳೆ.

ರಂಧ್ರವು ಹಿರಿದಾದೊಡನೆ ಮಳೆಯ ನೀರು ಒಳಗಿಳಿಯುತ್ತದೆ. ನೀರು ಮತ್ತು ಆಮ್ಲಜನಕಗಳು ಉಕ್ಕಿನೊಡನೆ ಕೂಡಿ ತುಕ್ಕಾಗುವುದು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡರಷ್ಟಕ್ಕೂ ಮಿಗಿಲಾದ ಸ್ಥಳವನ್ನು ಆಕ್ರಮಿಸುವುದರಿಂದ, ಬೆಣೆ ಬಡಿದಂತೆ ಮೊಳೆಯನ್ನು ಬಿಗಿದುಬಿಡುತ್ತದೆ. ಇದರ ಜೊತೆಗೆ ವಿದ್ಯುತ್ತಿನ ಕೆಲಸವೂ ಸೇರುತ್ತದೆ. 1761ರಲ್ಲಿ ಬ್ರಿಟಿಷ್ ನೌಕಾಪಡೆಯು ‘ಅಲಾರ್ಮ್’ ಎಂಬ ಯುದ್ಧನೌಕೆಯ ಮರದ ತಳಕ್ಕೆ ತಾಮ್ರದ ತಗಡನ್ನು ಹೊದಿಸಿತು. ಸುಮಾರು ಎರಡು ವರ್ಷಗಳ ಅನಂತರ ನೋಡಿದಾಗ, ತಾಮ್ರಕ್ಕೆ ತಗುಲಿದ್ದ ಕಬ್ಬಿಣದ ಮೊಳೆಗಳು ತೀರ ಸವೆದುಹೋಗಿದ್ದುವು. ತಗಡಿಗೆ ಸುತ್ತಿದ್ದ ಕಂದು ಕಾಗದವು ನಡುವೆ ಉಳಿದಿದ್ದ ಕಡೆ ಮೊಳೆಗಳು ಕೆಟ್ಟಿರಲಿಲ್ಲ. ಎರಡು ಬೇರೆ ಬೇರೆ ಲೋಹಗಳನ್ನು ಉಪ್ಪುನೀರು ಕೂಡಿಸಿದರೆ ವಿದ್ಯುತ್ಪ್ರವಾಹ ಹುಟ್ಟುವುದೆಂಬುದನ್ನು ವೋಲ್ಟನ ವಿದ್ಯುತ್ಕೋಶವು 1800ರಲ್ಲಿ ಲೋಕಕ್ಕೆ ತಿಳಿಸಿತು. ಅಂಥ ಜೋಡಿಯಲ್ಲಿ ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುವ ಲೋಹವು ಕರಗುತ್ತದೆ. ನೌಕೆಯಲ್ಲಿ ಕರಗಿದ್ದು ಕಬ್ಬಿಣ. ಕ್ಯಾಂಪರಿನಲ್ಲಿ ಕರಗುವುದು ಸಾಮಾನ್ಯವಾಗಿ ಉಕ್ಕಿನ ಮೊಳೆಯನ್ನು ಸುತ್ತಿದ ಅಲ್ಯೂಮಿನಿಯಮ್. ರಂಧ್ರದ ಸುತ್ತ ಕಾಣುವ ಬಿಳಿಯ ಪುಡಿಯೇ ಇದಕ್ಕೆ ಸಾಕ್ಷಿ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗಳಿಗೆ ಉಪ್ಪು ಎರಚುವ ದೇಶಗಳಲ್ಲಿ ಈ ಕೇಡು ಇನ್ನೂ ತೀವ್ರ.

ಇಷ್ಟನ್ನು ತಿಳಿದರೆ ದುರಸ್ತಿಯ ಕ್ರಮವು ತಾನಾಗಿಯೇ ಹೊಳೆಯುತ್ತದೆ. ಮೊದಲು ಮೊಳೆಯ ಸುತ್ತಲಿನ ಮರವನ್ನು ಚೂಪಾದ ಸಲಾಕೆಯಿಂದ ಚುಚ್ಚಿ ನೋಡಬೇಕು. ಅದು ಮೆತ್ತಗಿದ್ದರೆ ಮರ ಕೊಳೆತಿದೆಯೆಂದು ಅರ್ಥ. ನೀರು ಬರುವ ದಾರಿಯನ್ನು ಮುಚ್ಚಿ, ಆ ತುಂಡನ್ನೇ ಬದಲಾಯಿಸಬೇಕು. ಮರ ಗಟ್ಟಿಯಾಗಿದ್ದು ರಂಧ್ರ ಮಾತ್ರ ಹಿರಿದಾಗಿದ್ದರೆ, ಅಂಟು ಸವರಿದ ಮರದ ಬೆಣೆಯನ್ನು ತುಂಬಿ, ಒಣಗಿದ ಮೇಲೆ ಹೊಸದಾಗಿ ಸಣ್ಣ ರಂಧ್ರ ಕೊರೆಯಬಹುದು. ತುಕ್ಕು ಹಿಡಿದ ಮೊಳೆಗೆ ಸಂದುಗಳಲ್ಲಿ ಇಳಿಯುವ ತೆಳು ಎಣ್ಣೆಯನ್ನು ಹಾಕಿ ಕೆಲವು ಗಂಟೆ ಬಿಡಬೇಕು. ಅನಂತರ ತಲೆಯ ಮೇಲೆ ಮೆಲ್ಲಗೆ ತಟ್ಟಿ, ಮೊದಲು ಕೂದಲೆಳೆಯಷ್ಟು ಬಿಗಿದು, ಆಮೇಲೆ ಸಡಿಲಿಸಬೇಕು. ತಟ್ಟುವುದರಿಂದಲೂ ತಿರುಗಿಸುವುದರಿಂದಲೂ ತುಕ್ಕಿನ ಪೊರೆ ಬಿರುಕು ಬಿಟ್ಟು ಎಣ್ಣೆಗೆ ದಾರಿ ಸಿಗುತ್ತದೆ. ಬೆಂಕಿಯ ಜ್ವಾಲೆಯನ್ನು ಮಾತ್ರ ಹತ್ತಿರ ತರಬಾರದು. ಗೋಡೆಯೊಳಗೆ ಒಣಮರ, ವಿದ್ಯುತ್ ತಂತಿ, ಅಡುಗೆ ಅನಿಲದ ಕೊಳವೆಗಳು ಇರಬಹುದು.

ಹೊಸ ಮೊಳೆಯು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನದಾದರೂ ಅಲ್ಯೂಮಿನಿಯಮ್ಮಿನ ಕೇಡು ತಪ್ಪುವುದಿಲ್ಲ. ಎರಡು ಲೋಹಗಳ ನಡುವೆ ನೀರು ಸೇರದಂತೆ ಬ್ಯೂಟೈಲ್ ರಬ್ಬರಿನ ಅಂಟುಪಟ್ಟಿಯನ್ನು ಇಡಬೇಕು. ‘ಅಲಾರ್ಮ್’ ನೌಕೆಯ ಕಾಗದ ಮಾಡಿದ ಕೆಲಸವನ್ನು ಇದು ಮಾಡುತ್ತದೆ. ಮೊಳೆಯ ಅಳತೆಯನ್ನೂ ಕಣ್ಣಂದಾಜಿಗೆ ಬಿಡಬಾರದು. 1990ರಲ್ಲಿ ಒಂದು ಬ್ರಿಟಿಷ್ ವಿಮಾನದ ಮುಂಗಾಜನ್ನು ಬದಲಾಯಿಸಿದಾಗ, 90 ಬೋಲ್ಟುಗಳ ಪೈಕಿ 84ರ ವ್ಯಾಸವು ಇರಬೇಕಾದುದಕ್ಕಿಂತ ಸುಮಾರು 0.66 ಮಿಲಿಮೀಟರ್ ಕಡಮೆಯಿತ್ತು. ಹಾರಾಟದಲ್ಲಿ ಗಾಜು ಕಿತ್ತುಹೋಗಿ ವಿಮಾನಚಾಲಕನ ಅರ್ಧ ದೇಹವೇ ಹೊರಕ್ಕೆ ಸೆಳೆಯಲ್ಪಟ್ಟಿತು. ಸಹೋದ್ಯೋಗಿಗಳು ಹಿಡಿದುಕೊಂಡುದರಿಂದ ಆತನ ಪ್ರಾಣ ಉಳಿಯಿತು. ಕ್ಯಾಂಪರಿನ ಚಕ್ರದ ನಟ್ಟುಗಳಿಗೂ, ಗಾಡಿಗೆ ಅದನ್ನು ಬಂಧಿಸುವ ಕೊಂಡಿಯ ಬೋಲ್ಟುಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ತಯಾರಕರು ಹೇಳಿದ ಅಳತೆಯ ಬೋಲ್ಟನ್ನೇ ಬಳಸಿ, ಹೇಳಿದಷ್ಟೇ ಬಿಗಿಯಬೇಕು. ಗೋಡೆಯ ಮೊಳೆಗಳನ್ನಾದರೋ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ನೋಡಿದರೆ ಸಾಕು. ಒಳಗೆ ನೀರು ಸೇರಿದ ಸುದ್ದಿಯನ್ನು ಎಷ್ಟೋ ವೇಳೆ ಮೊದಲು ಹೊರತರುವುದು ಈ ಸಣ್ಣ ಮೊಳೆಯ ತಲೆಯೇ.