ವೇಗದ ಕ್ಯಾಮೆರಾ ಕೊಳ್ಳುವವರಿಗೆ

ಮಗ ಚೆಂಡೆಸೆಯುವಾಗ ಮೊಣಕೈ ಎಲ್ಲಿ ಬಾಗುತ್ತದೆ, ಮಗಳ ಹೆಜ್ಜೆ ಎಲ್ಲಿ ತಾಳ ತಪ್ಪುತ್ತದೆ ಎಂಬುದನ್ನು ನಿಧಾನವಾಗಿ ನೋಡುವ ಆಸೆ ನಿಮಗಿರಬಹುದು. ಅಂಗಡಿಗೆ ಹೋದರೆ ‘ಸೆಕೆಂಡಿಗೆ 960 ಚಿತ್ರ’ ಎನ್ನುವ ಕ್ಯಾಮೆರಾ ನಿಮ್ಮ ಮುಂದೆ ಬರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಯಂತ್ರ ಒಳ್ಳೆಯದೆಂದು ನಂಬಿ ಹಣ ತೆತ್ತವರು ಆಮೇಲೆ ಪೇಚಾಡುವುದುಂಟು. ಏಕೆಂದು ನೋಡೋಣ.

ಚಲಚ್ಚಿತ್ರವೆಂದರೆ ಬಿಡಿಚಿತ್ರಗಳ ಸಾಲು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಕಣ್ಣಮುಂದೆ ಹಾಯುತ್ತವೆ. ಸೆಕೆಂಡಿಗೆ 240 ಚಿತ್ರ ತೆಗೆದು, ತೋರಿಸುವಾಗ 24ರಂತೆ ತೋರಿಸಿದರೆ, ಒಂದು ಸೆಕೆಂಡಿನ ಆಟ ಹತ್ತು ಸೆಕೆಂಡಿಗೆ ಹಿಗ್ಗುತ್ತದೆ. ಗಂಟೆಗೆ 140 ಕಿಲೋಮೀಟರು ವೇಗದ ಚೆಂಡು, 24 ಚಿತ್ರಗಳ ಲೆಕ್ಕದಲ್ಲಿ, ಒಂದು ಚಿತ್ರದಿಂದ ಮುಂದಿನದಕ್ಕೆ ಒಂದೂವರೆ ಮೀಟರಿಗಿಂತ ಹೆಚ್ಚು ಹಾರಿರುತ್ತದೆ. 240ರಲ್ಲಿ ಒಂದು ಗೇಣೂ ಸಾಗಿರುವುದಿಲ್ಲ. ಮನೆಯ ಉಪಯೋಗಕ್ಕೆ ಇದು ಧಾರಾಳವಾಗಿ ಸಾಕು.

ಆದರೆ ವೇಗ ಪುಕ್ಕಟೆಯಾಗಿ ಬರುವುದಿಲ್ಲ. ಮೊದಲನೆಯದಾಗಿ, ಅದು ಬೆಳಕನ್ನು ಕಸಿಯುತ್ತದೆ. ಸಾಮಾನ್ಯ ವಿಡಿಯೋದಲ್ಲಿ ಒಂದೊಂದು ಚಿತ್ರಕ್ಕೂ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಕಾಲ ಬೆಳಕು ಸಿಕ್ಕರೆ, 240ರ ವೇಗದಲ್ಲಿ ಅದರ ಐದನೆಯ ಒಂದು ಪಾಲು ಸಿಕ್ಕೀತು. ಬಿಸಿಲಿನಲ್ಲಿ ಚಿಂತೆಯಿಲ್ಲ; ಕೋಣೆಯೊಳಗೆ ಚಿತ್ರ ಮಂಕಾಗಿ, ಮರಳು ಮರಳಾಗಿ ಕಾಣುತ್ತದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದಾದ್ದರಿಂದ ಹಲವು ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಆ ಮಿನುಗು ಈ ಕ್ಯಾಮೆರಾಕ್ಕೆ ಕಾಣುತ್ತದೆ.

ಎರಡನೆಯದು, ಚಿತ್ರದ ಸ್ಫುಟತೆ. 2008ರಲ್ಲಿ ಬಂದ ಕ್ಯಾಸಿಯೊ ಇಎಕ್ಸ್-ಎಫ್1 ಕ್ಯಾಮೆರಾ ಸೆಕೆಂಡಿಗೆ 1200 ಚಿತ್ರ ತೆಗೆಯುತ್ತಿತ್ತು. ಆದರೆ ಆ ವೇಗದಲ್ಲಿ ಚಿತ್ರದ ಅಳತೆ ಕೇವಲ 336×96 ಚುಕ್ಕೆ, ಒಂದು ಪಟ್ಟಿಯಷ್ಟೆ. ಈಗ ಸಾಮಾನ್ಯವಾಗಿರುವ 1920×1080ರ ಚಿತ್ರದಲ್ಲಿ ಇದರ ಅರುವತ್ತನಾಲ್ಕರಷ್ಟು ಚುಕ್ಕೆಗಳಿರುತ್ತವೆ. ಹಳೆಯ ಕ್ಯಾಮೆರಾವನ್ನು ಅಗ್ಗಕ್ಕೆ ಕೊಳ್ಳುವವರು ಇದನ್ನು ಮರೆಯಬಾರದು.

ಮೂರನೆಯದು, ಅವಧಿ. 2017ರ ಸೋನಿ ಎಕ್ಸ್‌ಪೀರಿಯ ಎಕ್ಸ್‌ಜ಼ೆಡ್ ಪ್ರೀಮಿಯಂ ಫೋನು 960 ಚಿತ್ರದ ವೇಗದಲ್ಲಿ ಒಮ್ಮೆಗೆ ಹಿಡಿಯುತ್ತಿದ್ದುದು ಸೆಕೆಂಡಿನ ಐದನೆಯ ಒಂದು ಭಾಗಕ್ಕೂ ಕಡಿಮೆ. ಗುಂಡಿ ಒತ್ತುವುದರಲ್ಲಿ ಕೊಂಚ ತಡವಾದರೆ ಚೆಂಡು ಹೋಗಿಯೇಬಿಟ್ಟಿತು! ಇನ್ನು ಕೆಲವು ಫೋನುಗಳು ಕಡಿಮೆ ಚಿತ್ರ ತೆಗೆದು, ನಡುವಿನವನ್ನು ತಾವೇ ಊಹಿಸಿ ತುಂಬುತ್ತವೆ. ನೋಡಲು ಅದು ಸೊಗಸು. ಮೊಣಕೈ ನಿಜವಾಗಿ ಬಾಗಿತೇ ಎಂಬ ಪ್ರಶ್ನೆಗೆ ಊಹೆಯ ಚಿತ್ರ ಉತ್ತರವಾಗಲಾರದು.

ಆದ್ದರಿಂದ ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ: ಈ ವೇಗದಲ್ಲಿ ಚಿತ್ರದ ಅಳತೆ ಎಷ್ಟು? ಒಂದೇ ಸಮನೆ ಎಷ್ಟು ಹೊತ್ತು ಹಿಡಿಯುತ್ತದೆ? ಎಲ್ಲ ಚಿತ್ರಗಳೂ ತೆಗೆದವೇ, ತುಂಬಿದವೇ? 1920×1080ರಲ್ಲಿ 240 ಎಂಬ ಉತ್ತರ ಬಂದರೆ ಒಳ್ಳೆಯ ವ್ಯಾಪಾರ. 2018ರ ಗೋಪ್ರೊ ಹೀರೊ 7 ಬ್ಲ್ಯಾಕ್‌ನಂಥ ಪುಟ್ಟ ಕ್ಯಾಮೆರಾದಲ್ಲೂ ಈ ಶಕ್ತಿಯಿದೆ.

ಅದಕ್ಕೂ ಮೊದಲು ನಿಮ್ಮ ಜೇಬಿನಲ್ಲಿರುವ ಫೋನನ್ನೇ ಪರೀಕ್ಷಿಸಿ. 2014ರ ಐಫೋನ್ 6ರಲ್ಲಿಯೇ 240 ಚಿತ್ರದ ವೇಗವಿತ್ತು. ಬೆಳಗಿನ ಬಿಸಿಲಿನಲ್ಲಿ, ಫೋನನ್ನು ಅಲುಗದಂತೆ ನಿಲ್ಲಿಸಿ, ಮಗನಿಗೆ ನಾಲ್ಕು ಚೆಂಡೆಸೆಯಲು ಹೇಳಿ. ಬೇಕಾದ್ದು ಅದರಲ್ಲೇ ಕಂಡರೆ ಕ್ಯಾಮೆರಾದ ಹಣ ಮನೆಯಲ್ಲೇ ಉಳಿಯಿತು.